ಮತ, ಒಲವು, ನಿಲುವು: ಮೊದಲ ಬಾರಿಯ ಮತದಾರರು ಮತ್ತು ಕನ್ನಡದ ರಾಜಕೀಯ ಪದಲೋಕ

1. ಪೀಠಿಕೆ

ಹದಿನೆಂಟು ವರ್ಷ ತುಂಬಿದ ವಿದ್ಯಾರ್ಥಿನಿಯೊಬ್ಬಳು ಮತದಾರರ ಪಟ್ಟಿಗೆ ತನ್ನ ಹೆಸರನ್ನು ಸೇರಿಸಿಕೊಳ್ಳುವುದು ಮೇಲ್ನೋಟಕ್ಕೆ ಆಡಳಿತಕ್ಕೆ ಸಂಬಂಧಿಸಿದ ಒಂದು ಸಣ್ಣ ವ್ಯವಹಾರ. ಒಂದು ಅರ್ಜಿ ನಮೂನೆ, ಒಂದು ಭಾವಚಿತ್ರ, ವಯಸ್ಸಿಗೂ ವಾಸಕ್ಕೂ ಒಂದೊಂದು ದಾಖಲೆ, ಕೆಲಕಾಲದ ತರುವಾಯ ಕೈಗೆ ಬರುವ ಗುರುತಿನ ಚೀಟಿ. ಇಷ್ಟಕ್ಕೆ ವಿಷಯ ಮುಗಿಯುತ್ತದೆ. ಇದನ್ನು ಕನ್ನಡ ಅಧ್ಯಯನದ ಪತ್ರಿಕೆಯೊಂದರಲ್ಲಿ ಚರ್ಚಿಸುವ ಅಗತ್ಯವೇನು ಎಂಬ ಪ್ರಶ್ನೆ ಸಹಜವಾದದ್ದು. ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರಗಳು ಈ ಕ್ಷೇತ್ರವನ್ನು ಬಹುಕಾಲದಿಂದ ತಮ್ಮದೆಂದು ಭಾವಿಸಿವೆ. ಅಂಕಿಅಂಶಗಳನ್ನು ಕಲೆಹಾಕುವ ವಿಧಾನಗಳೂ ಅವುಗಳ ಬಳಿಯೇ ಇವೆ.

ಆದರೂ ಎರಡು ಕಾರಣಗಳಿಂದ ಈ ವಿಷಯ ಕನ್ನಡ ಅಧ್ಯಾಪಕರಿಗೆ ಸಂಬಂಧಿಸಿದ್ದು ಎಂಬುದು ಪ್ರಸ್ತುತ ಲೇಖನದ ನಂಬುಗೆ. ಮೊದಲನೆಯದಾಗಿ, ಪದವಿ ಹಂತದ ಆರಂಭದ ವರ್ಷಗಳಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಎಂಬ ವ್ಯತ್ಯಾಸವಿಲ್ಲದೆ ವಿದ್ಯಾರ್ಥಿಗಳು ಒಟ್ಟಿಗೆ ಕೂರುವುದು ಭಾಷಾ ತರಗತಿಯಲ್ಲಿ. ಅವರ ಹದಿನೆಂಟನೆಯ ವರ್ಷವೂ ನಮ್ಮ ಪಠ್ಯಪುಸ್ತಕದ ಮೊದಲ ಪಾಠವೂ ಹೆಚ್ಚು ಕಡಿಮೆ ಜೊತೆಯಲ್ಲಿಯೇ ಬರುತ್ತವೆ. ಎರಡನೆಯದಾಗಿ, ರಾಜಕೀಯ ಒಲವು ಎಂಬುದು ರೂಪುಗೊಳ್ಳುವುದು ಭಾಷೆಯ ಒಳಗೆ. ಯಾವ ಪದಗಳ ಮೂಲಕ ಒಬ್ಬ ಯುವಕ ತನ್ನ ಆಯ್ಕೆಯನ್ನು ತನಗೇ ವಿವರಿಸಿಕೊಳ್ಳುತ್ತಾನೆಯೋ ಆ ಪದಗಳು ಅವನ ಆಯ್ಕೆಯ ಮಿತಿಯನ್ನೂ ಸಾಧ್ಯತೆಯನ್ನೂ ನಿರ್ಧರಿಸುತ್ತವೆ. ‘ಮತ’ ಎಂಬ ಒಂದೇ ಪದ ಅಭಿಪ್ರಾಯವನ್ನೂ ಧರ್ಮವನ್ನೂ ಓಟನ್ನೂ ಸೂಚಿಸುವ ಭಾಷೆಯಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ಹೆಸರು ನೋಂದಾಯಿಸುವ ಕ್ರಿಯೆಯಿಂದ ಆರಂಭಿಸಿ ಒಲವು ರೂಪುಗೊಳ್ಳುವ ಬಗೆಯವರೆಗೆ ಸಾಗಿ, ಈ ನಡುವೆ ಕನ್ನಡ ತರಗತಿಯ ಪಾತ್ರವೇನು ಎಂಬುದನ್ನು ಮುಂದಿನ ಪುಟಗಳಲ್ಲಿ ಪರಿಶೀಲಿಸಲಾಗಿದೆ.

2. ಹೆಸರು ಬರೆಸುವುದು: ಕಾನೂನು ಮತ್ತು ಅದರ ಭಾಷೆ

ಭಾರತದಲ್ಲಿ ವಯಸ್ಕ ಮತಾಧಿಕಾರದ ಆಧಾರ ಸಂವಿಧಾನದ 326ನೆಯ ವಿಧಿ. ಮೂಲದಲ್ಲಿ ಅದು 21 ವರ್ಷವನ್ನು ಕನಿಷ್ಠ ವಯಸ್ಸೆಂದು ಗೊತ್ತುಪಡಿಸಿತ್ತು. 1988ರ 61ನೆಯ ತಿದ್ದುಪಡಿಯ ಮೂಲಕ ಅದನ್ನು 18ಕ್ಕೆ ಇಳಿಸಲಾಯಿತು. ತಿದ್ದುಪಡಿ 1989ರ ಮಾರ್ಚ್‌ನಲ್ಲಿ ಜಾರಿಗೆ ಬಂದು, ಅದೇ ವರ್ಷದ ಕೊನೆಯಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ 18ರಿಂದ 20ರ ವಯೋಮಾನದವರು ಮೊದಲ ಬಾರಿಗೆ ಮತ ಚಲಾಯಿಸಿದರು. ಆದರೆ ಹದಿನೆಂಟು ತುಂಬಿದ ದಿನವೇ ಹಕ್ಕು ಕೈಗೆ ಬರುತ್ತಿರಲಿಲ್ಲ. 1950ರ ಜನಪ್ರತಿನಿಧಿ ಕಾಯ್ದೆಯು ‘ಅರ್ಹತಾ ದಿನಾಂಕ’ ಎಂಬ ಪರಿಕಲ್ಪನೆಯನ್ನು ಬಳಸುತ್ತದೆ. ಬಹುಕಾಲ ಇದು ವರ್ಷಕ್ಕೆ ಒಂದೇ ದಿನ, ಜನವರಿ 1, ಆಗಿತ್ತು. ಜನವರಿ 2ರಂದು ಹುಟ್ಟಿದವರು ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕಿತ್ತು. 2021ರ ಚುನಾವಣಾ ಕಾನೂನುಗಳ ತಿದ್ದುಪಡಿಯಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳು, ಅಂದರೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳು ಬಂದವು. 2022ರಿಂದ ಇದು ಆಚರಣೆಯಲ್ಲಿದೆ. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಸಲ್ಲಿಸುವ ಅವಕಾಶವೂ ಜೊತೆಗೆ ದೊರೆಯಿತು.

ಇಷ್ಟಾದರೂ ಪಟ್ಟಿಯ ಹೊರಗೆ ಉಳಿಯುವವರ ಸಂಖ್ಯೆ ದೊಡ್ಡದು. 2024ರ ಲೋಕಸಭಾ ಚುನಾವಣೆಯನ್ನು ಘೋಷಿಸಿದಾಗ ಚುನಾವಣಾ ಆಯೋಗ ನೀಡಿದ ಲೆಕ್ಕದಂತೆ ದೇಶದ ಸುಮಾರು 96.8 ಕೋಟಿ ಮತದಾರರಲ್ಲಿ ಮೊದಲ ಬಾರಿಯವರು 1.8 ಕೋಟಿಯಷ್ಟು. ಆ ವಯೋಮಾನದ ಅಂದಾಜು ಜನಸಂಖ್ಯೆಯೊಡನೆ ಹೋಲಿಸಿದರೆ ಇದು ಅರ್ಧಕ್ಕಿಂತ ಕಡಿಮೆ. 2023ರ ಕರ್ನಾಟಕ ವಿಧಾನಸಭಾ ಚುನಾವಣೆ ಘೋಷಣೆಯಾದಾಗ ರಾಜ್ಯದ 5.21 ಕೋಟಿ ಮತದಾರರಲ್ಲಿ ಮೊದಲ ಬಾರಿಯವರು ಸುಮಾರು 9.17 ಲಕ್ಷ ಮಂದಿ ಇದ್ದರು. ಈ ಅಂತರವನ್ನು ‘ಯುವಜನರ ನಿರಾಸಕ್ತಿ’ ಎಂಬ ಒಂದೇ ಮಾತಿನಲ್ಲಿ ವಿವರಿಸುವ ರೂಢಿ ಇದೆ. ಆದರೆ ನಿರಾಸಕ್ತಿ ಎಂದು ಕಾಣುವುದರಲ್ಲಿ ಒಂದು ಪಾಲು ಭಾಷೆಗೆ ಸಂಬಂಧಿಸಿದ ತೊಡಕು ಇರಬಹುದು ಎಂಬುದನ್ನು ನಾವು ಗಮನಿಸಬೇಕು.

ಹೊಸ ಮತದಾರರು ಭರ್ತಿ ಮಾಡಬೇಕಾದ ‘ನಮೂನೆ 6’ರ ಹಿಂದೆ ‘ಸಾಮಾನ್ಯ ನಿವಾಸಿ’ ಎಂಬ ಪರಿಕಲ್ಪನೆ ಇದೆ. ಒಬ್ಬ ವ್ಯಕ್ತಿ ಯಾವ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸವಾಗಿದ್ದಾನೆಯೋ ಅಲ್ಲಿಯೇ ಹೆಸರು ನೋಂದಾಯಿಸಿಕೊಳ್ಳಬೇಕು. ಎರಡು ಕಡೆ ನೋಂದಾಯಿಸಿಕೊಳ್ಳುವಂತಿಲ್ಲ. ಸುಳ್ಳು ಘೋಷಣೆ ನೀಡಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬಂದು ವಿದ್ಯಾರ್ಥಿನಿಲಯದಲ್ಲಿ ಉಳಿದವನಿಗೆ ‘ನಾನು ಎಲ್ಲಿಯ ನಿವಾಸಿ?’ ಎಂಬ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ನಿಯಮ ಇದಕ್ಕೆ ಉತ್ತರ ಕೊಟ್ಟಿದೆ. ಮಾನ್ಯತೆ ಪಡೆದ, ಒಂದು ವರ್ಷಕ್ಕೆ ಕಡಿಮೆಯಿಲ್ಲದ ಕೋರ್ಸಿನಲ್ಲಿ ಓದುತ್ತಿರುವ ವಿದ್ಯಾರ್ಥಿ ತನ್ನ ಊರಿನ ಮನೆಯ ವಿಳಾಸದಲ್ಲಾಗಲಿ, ವಿದ್ಯಾರ್ಥಿನಿಲಯದ ವಿಳಾಸದಲ್ಲಾಗಲಿ ಹೆಸರು ಬರೆಸಬಹುದು. ಎರಡನೆಯ ಆಯ್ಕೆಗೆ ಸಂಸ್ಥೆಯ ಮುಖ್ಯಸ್ಥರ ದೃಢೀಕರಣ ಬೇಕು. ಆದರೆ ಈ ಆಯ್ಕೆ ಇರುವುದು ವಿದ್ಯಾರ್ಥಿಗೆ ತಿಳಿಯಬೇಕಾದರೆ ಯಾರಾದರೂ ಅದನ್ನು ಅವನ ಮಾತಿನಲ್ಲಿ ಹೇಳಬೇಕು.

ಇದು ಕೇವಲ ವಿಳಾಸದ ಆಯ್ಕೆಯಲ್ಲ. ಊರಿನ ವಿಳಾಸ ಕೊಟ್ಟವನು ತನ್ನ ಮನೆ, ಕೇರಿ, ಬಂಧುಬಳಗದ ನಡುವೆ ಮತ ಹಾಕುತ್ತಾನೆ. ವಿದ್ಯಾರ್ಥಿನಿಲಯದ ವಿಳಾಸ ಕೊಟ್ಟವನು ತಾನು ಓದುವ ಪಟ್ಟಣದ ರಸ್ತೆ, ನೀರು, ಗ್ರಂಥಾಲಯ, ಬಸ್ಸಿನ ಪ್ರಶ್ನೆಗಳ ನಡುವೆ ಮತ ಹಾಕುತ್ತಾನೆ. ತಾನು ಯಾವ ಸಮುದಾಯದ ಸದಸ್ಯನಾಗಿ ಮಾತನಾಡುತ್ತಿದ್ದೇನೆ ಎಂಬ ಅರಿವು ಅರ್ಜಿಯ ಈ ಒಂದು ಸಾಲಿನಿಂದಲೇ ಆರಂಭವಾಗುತ್ತದೆ.

ಹೆಸರು ಮತ್ತು ಹಕ್ಕಿನ ನಂಟಿಗೆ ಚಾರಿತ್ರಿಕ ನಿದರ್ಶನವೊಂದಿದೆ. 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ಸಿದ್ಧವಾಗುವಾಗ ಉತ್ತರ ಮತ್ತು ಮಧ್ಯ ಭಾರತದ ಅನೇಕ ಪ್ರದೇಶಗಳಲ್ಲಿ ಮಹಿಳೆಯರು ತಮ್ಮ ಹೆಸರನ್ನು ಹೇಳದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಅಂದಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಅವಧಿಯಲ್ಲಿ ಆಯೋಗ ಅಂಥ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳು ಪಟ್ಟಿಯಿಂದ ಹೊರಗುಳಿದವು. ಕಠಿಣವೆಂದು ತೋರುವ ಈ ನಿರ್ಧಾರದ ತಿರುಳು ಸ್ಪಷ್ಟ: ಮತ ಸಂಬಂಧಕ್ಕೆ ಸಲ್ಲುವುದಲ್ಲ, ಹೆಸರುಳ್ಳ ವ್ಯಕ್ತಿಗೆ ಸಲ್ಲುವುದು. ಇಂದು ನಮ್ಮ ವಿದ್ಯಾರ್ಥಿನಿಯರಿಗೆ ಹೆಸರು ಹೇಳುವ ಸಂಕೋಚವಿಲ್ಲ. ಆದರೆ ಹದಿನೆಂಟಕ್ಕೆ ತವರಿನಲ್ಲಿ ಹೆಸರು ಬರೆಸಿ, ಇಪ್ಪತ್ತು ಇಪ್ಪತ್ತೊಂದಕ್ಕೆ ಮದುವೆಯಾಗಿ ಬೇರೆ ಊರಿಗೆ ಹೋದವಳ ಹೆಸರು ‘ನಮೂನೆ 8’ರ ಮೂಲಕ ಸ್ಥಳಾಂತರಗೊಳ್ಳದೆ ಹಳೆಯ ಪಟ್ಟಿಯಲ್ಲಿಯೇ ಉಳಿದುಬಿಡಬಹುದು. ಹೆಸರಿದ್ದೂ ಹಕ್ಕು ದೂರವಾಗುವ ಈ ಸ್ಥಿತಿ ಹಳೆಯ ಸಮಸ್ಯೆಯ ಹೊಸ ರೂಪವಲ್ಲದೆ ಬೇರೆಯಲ್ಲ.

3. ನಿಲುವು ಮೊದಲೋ, ಮತ ಮೊದಲೋ?

ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಯನ್ನು ನೆನೆದರೆ ಒಂದು ವಿಶೇಷ ಸಂಗತಿ ಕಾಣುತ್ತದೆ. 1973ರಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಮಾತು ‘ಬೂಸಾ’ ಪ್ರಕರಣವೆಂದು ಹೆಸರಾಯಿತು. ಅದನ್ನು ವಿರೋಧಿಸಿ ಬೀದಿಗೆ ಬಂದವರೂ, ಸಮರ್ಥಿಸಿ ಪೆಟ್ಟು ತಿಂದವರೂ ಬಹುಮಟ್ಟಿಗೆ ಕಾಲೇಜು ವಿದ್ಯಾರ್ಥಿಗಳು. ಮುಂದೆ ದಲಿತ ಚಳವಳಿಯನ್ನೂ ದಲಿತ ಸಾಹಿತ್ಯವನ್ನೂ ಕಟ್ಟಿದ ಅನೇಕರ ರಾಜಕೀಯ ಪ್ರಜ್ಞೆ ಎಚ್ಚೆತ್ತದ್ದು ಆ ದಿನಗಳಲ್ಲಿ. 1975–77ರ ತುರ್ತು ಪರಿಸ್ಥಿತಿಯ ಕಾಲದಲ್ಲಿ, 1982ರ ಗೋಕಾಕ್ ಚಳವಳಿಯ ಕಾಲದಲ್ಲಿ ಕೂಡ ತರುಣರು ದೊಡ್ಡ ಸಂಖ್ಯೆಯಲ್ಲಿ ತೊಡಗಿಕೊಂಡರು. ಇವರಲ್ಲಿ ಇಪ್ಪತ್ತೊಂದು ತುಂಬದವರಿಗೆ ಮತದ ಹಕ್ಕು ಇರಲಿಲ್ಲ. ಸಾಹಿತ್ಯ ಯಾರದು, ಶಿಕ್ಷಣದ ಭಾಷೆ ಯಾವುದು, ಪ್ರಭುತ್ವದ ಎಲ್ಲೆ ಎಲ್ಲಿಯದು ಎಂಬ ಪ್ರಶ್ನೆಗಳಿಗೆ ಅವರ ಬಳಿ ಉತ್ತರವಿತ್ತು, ಓಟು ಮಾತ್ರ ಇರಲಿಲ್ಲ.

1989ರ ಬಳಿಕ ಪರಿಸ್ಥಿತಿ ತಿರುವುಮುರುವಾಯಿತು. ಹದಿನೆಂಟಕ್ಕೆ ಓಟು ಬಂದಿತು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳಿಗೆ ನಡೆಯುತ್ತಿದ್ದ ಚುನಾವಣೆಗಳು ನಿಂತವು. ಬಹುಕಾಲ ಅವು ಮರಳಲಿಲ್ಲ. ಆ ಚುನಾವಣೆಗಳಲ್ಲಿ ಹಣ, ಜಾತಿ, ಹೊಡೆದಾಟಗಳು ನುಸುಳಿದ್ದವು ಎಂಬುದು ನಿಜ. ದೇಶದ ವಿದ್ಯಾರ್ಥಿ ಸಂಘಗಳ ಚುನಾವಣೆಗಳಿಗೆ ನೀತಿ ರೂಪಿಸಲು ನೇಮಕಗೊಂಡ ಲಿಂಗ್ಡೋ ಸಮಿತಿ 2006ರಲ್ಲಿ ನೀಡಿದ ವರದಿ ಈ ದೋಷಗಳಿಗೆ ಕಡಿವಾಣ ಹಾಕಲು ಯತ್ನಿಸಿತೇ ಹೊರತು ಚುನಾವಣೆಯನ್ನೇ ಕೈಬಿಡಲು ಹೇಳಲಿಲ್ಲ. ಒಟ್ಟಿನಲ್ಲಿ, ನಿಲುವನ್ನು ಸಾರ್ವಜನಿಕವಾಗಿ ಆಡಿ ತೋರಿಸಿ, ವಿರೋಧವನ್ನು ಎದುರಿಸಿ, ಸೋಲನ್ನು ಒಪ್ಪಿಕೊಳ್ಳುವ ಅಭ್ಯಾಸದ ಸ್ಥಳವೊಂದು ಇಲ್ಲವಾಯಿತು. ಅಂದಿನವರಿಗೆ ನಿಲುವು ಮೊದಲು, ಮತ ಆಮೇಲೆ. ಇಂದಿನವರಿಗೆ ಮತ ಮೊದಲು ಕೈಗೆ ಬರುತ್ತದೆ, ನಿಲುವನ್ನು ಅವರು ಒಬ್ಬೊಬ್ಬರಾಗಿ, ಹೆಚ್ಚಾಗಿ ಮೊಬೈಲಿನ ಪರದೆಯ ಮುಂದೆ ಕಟ್ಟಿಕೊಳ್ಳಬೇಕಾಗಿದೆ. ಇದನ್ನು ಇಂದಿನ ಪೀಳಿಗೆಯ ಕೊರತೆಯೆಂದು ಓದುವುದು ತಪ್ಪಾದೀತು. ನಾವು ಅವರಿಗೆ ಹಕ್ಕನ್ನು ಕೊಟ್ಟು, ಅದಕ್ಕೆ ಬೇಕಾದ ಅಂಗಳವನ್ನು ಹಿಂದೆಗೆದುಕೊಂಡಿದ್ದೇವೆ.

4. ‘ಮತ’ದ ಮೂರು ಅರ್ಥಗಳು

ಈ ಹಿನ್ನೆಲೆಯಲ್ಲಿ ನಮ್ಮ ಚುನಾವಣಾ ಪದಗಳನ್ನು ಪರಿಶೀಲಿಸುವುದು ಉಪಯುಕ್ತ. ‘ಮತ’ ಎಂಬುದು ಸಂಸ್ಕೃತದ ‘ಮನ್’ ಧಾತುವಿನಿಂದ ಬಂದದ್ದು. ಆಲೋಚಿಸಿದ್ದು, ಬಗೆದದ್ದು ಎಂಬುದು ಅದರ ಮೂಲಾರ್ಥ. ಅಭಿಮತ, ಸಮ್ಮತ, ಒಮ್ಮತ, ಭಿನ್ನಮತ ಎಂಬ ಪದಗಳಲ್ಲಿ ಈ ಅರ್ಥ ಇನ್ನೂ ಜೀವಂತವಾಗಿದೆ. ಒಬ್ಬರು ಬಗೆದದ್ದು ಪರಂಪರೆಯಾಗಿ ನೆಲೆನಿಂತಾಗ ಅದು ಸಿದ್ಧಾಂತವೆಂಬ, ಮುಂದೆ ಧಾರ್ಮಿಕ ಪಂಥವೆಂಬ ಅರ್ಥ ಪಡೆಯಿತು; ಮತಾಂತರ, ಮತೀಯ, ಜಾತಿಮತ ಎಂಬಲ್ಲಿ ಕಾಣುವುದು ಈ ಅರ್ಥ. ಆಧುನಿಕ ಚುನಾವಣಾ ಪದ್ಧತಿ ಬಂದಾಗ ಅದೇ ಪದ ಓಟಿಗೂ ಸಂದಿತು. ‘ಜಾತಿಮತ ನೋಡದೆ ಮತ ಹಾಕಿ’ ಎಂಬ ವಾಕ್ಯದಲ್ಲಿ ಒಂದೇ ಪದ ಎರಡು ಬಾರಿ ಬಂದು, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ಹೇಳುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬುದು ಕೇಳುವವನಿಗೆ ಸಂದರ್ಭದಿಂದ ತಿಳಿಯುತ್ತದೆ. ಆದರೆ ಹುಟ್ಟಿನಿಂದ ಬಂದ ಮತ ಮತ್ತು ಬಗೆದು ಪಡೆದ ಮತ ಬೇರೆ ಬೇರೆ ಎಂಬುದನ್ನು ಬದುಕಿನಲ್ಲಿ ಬಿಡಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ಮೊದಲ ಬಾರಿಯ ಮತದಾರರ ಇಕ್ಕಟ್ಟು ಇರುವುದು ಇಲ್ಲಿಯೇ.

ಗಮನಾರ್ಹವೆಂದರೆ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಇತರರ ವಿಚಾರವನ್ನೂ ಇತರರ ಧರ್ಮವನ್ನೂ ಎರಡು ಬೇರೆ ಪದಗಳಿಂದ ಹೆಸರಿಸಿ, ಎರಡನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತೆಂದು ಹೇಳುತ್ತದೆ. ಇತರರ ಧರ್ಮವನ್ನು ಸೈರಿಸುವುದಕ್ಕಿಂತ ಇತರರ ವಿಚಾರವನ್ನು ಸೈರಿಸುವುದು ಪ್ರತ್ಯೇಕವಾದ, ಪ್ರತ್ಯೇಕವಾಗಿ ಕಲಿಯಬೇಕಾದ ಗುಣ ಎಂಬ ತಿಳಿವಳಿಕೆ ಇಲ್ಲಿದೆ. ಚುನಾವಣೆಯ ಕಾಲದಲ್ಲಿ ಬೇಕಾಗುವುದು ಈ ಎರಡನೆಯ ಗುಣ.

ಕಾನೂನು ಕೂಡ ಈ ಭೇದದೊಡನೆ ಸೆಣಸಿದೆ. 1951ರ ಜನಪ್ರತಿನಿಧಿ ಕಾಯ್ದೆಯ 123ನೆಯ ಪ್ರಕರಣದ 3ನೆಯ ಉಪಪ್ರಕರಣವು ಧರ್ಮ, ಜನಾಂಗ, ಜಾತಿ, ಸಮುದಾಯ ಅಥವಾ ಭಾಷೆಯ ಆಧಾರದ ಮೇಲೆ ಮತ ಕೇಳುವುದನ್ನು ಭ್ರಷ್ಟ ಆಚರಣೆಯೆಂದು ಪರಿಗಣಿಸುತ್ತದೆ. ‘ಅವನ ಧರ್ಮ’ ಎಂಬಲ್ಲಿನ ಸರ್ವನಾಮ ಯಾರನ್ನು ಸೂಚಿಸುತ್ತದೆ, ಅಭ್ಯರ್ಥಿಯನ್ನು ಮಾತ್ರವೋ ಅಥವಾ ಮತದಾರನನ್ನೂ ಸೇರಿಸಿಯೋ ಎಂಬುದೇ ವಿವಾದವಾಯಿತು. 2017ರ ಜನವರಿಯಲ್ಲಿ ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠವು ನಾಲ್ಕು–ಮೂರರ ಬಹುಮತದಿಂದ ಅದು ಮತದಾರನ ಧರ್ಮವನ್ನೂ ಒಳಗೊಳ್ಳುತ್ತದೆ ಎಂದು ತೀರ್ಮಾನಿಸಿತು. ಭಿನ್ನಮತ ಸೂಚಿಸಿದ ಮೂವರು, ಜಾತಿ ಮತ್ತು ಧರ್ಮದ ಕಾರಣದಿಂದ ಜನ ಅನುಭವಿಸಿದ ಅನ್ಯಾಯವನ್ನು ಚುನಾವಣೆಯಲ್ಲಿ ಚರ್ಚಿಸುವುದನ್ನೇ ಇದು ತಡೆಯಬಾರದು ಎಂಬ ಆತಂಕ ವ್ಯಕ್ತಪಡಿಸಿದರು. ಒಂದು ಸರ್ವನಾಮದ ಅನ್ವಯ ದೇಶದ ಚುನಾವಣಾ ನೀತಿಯನ್ನು ನಿರ್ಧರಿಸಿದ ಈ ಪ್ರಕರಣವನ್ನು ವ್ಯಾಕರಣದ ತರಗತಿಯಲ್ಲಿಯೂ ಚರ್ಚಿಸಬಹುದು.

ಇತರ ಪದಗಳೂ ತಮ್ಮದೇ ಆದ ಲೋಕದೃಷ್ಟಿಯನ್ನು ಹೊತ್ತು ಬಂದಿವೆ. ‘ಮತದಾನ’ ಎಂಬಲ್ಲಿ ಓಟು ದಾನವಾಗುತ್ತದೆ, ‘ಮತಯಾಚನೆ’ಯಲ್ಲಿ ಅಭ್ಯರ್ಥಿ ಯಾಚಕನಾಗುತ್ತಾನೆ. ನಮ್ಮ ಪರಂಪರೆಯಲ್ಲಿ ದಾನ ಕೊಟ್ಟವನು ಅದರ ಲೆಕ್ಕ ಕೇಳುವಂತಿಲ್ಲ. ಕೊಟ್ಟ ಮೇಲೆ ಕೈತೊಳೆದುಕೊಳ್ಳುವುದೇ ಶ್ರೇಷ್ಠ. ಓಟಿನ ವಿಷಯದಲ್ಲಿ ಇದು ವಿಪರೀತಾರ್ಥಕ್ಕೆ ಎಡೆಮಾಡುತ್ತದೆ. ಓಟು ಕೊಟ್ಟ ಮೇಲೆಯೇ ಲೆಕ್ಕ ಕೇಳುವ ಹಕ್ಕು ಆರಂಭವಾಗಬೇಕು. ‘ಮತ ಚಲಾಯಿಸು’ ಎಂಬ ಪ್ರಯೋಗದಲ್ಲಿ ಅಧಿಕಾರದ ಛಾಯೆ ಇದೆ. ಆಡುಮಾತಿನ ‘ಓಟು ಹಾಕು’ ಎಂಬುದರಲ್ಲಿ ದಾನವೂ ಇಲ್ಲ, ದರ್ಪವೂ ಇಲ್ಲ. ಪೆಟ್ಟಿಗೆಗೆ ಚೀಟಿ ಹಾಕುತ್ತಿದ್ದ ಕಾಲದ ಸರಳ ಕ್ರಿಯೆ ಇದೆ. ಮತಯಂತ್ರ ಬಂದು ಗುಂಡಿ ಒತ್ತುವ ಕಾಲದಲ್ಲಿಯೂ ಜನ ‘ಹಾಕು’ವುದನ್ನು ಬಿಟ್ಟಿಲ್ಲ.

‘ಮತಗಟ್ಟೆ’ ಎಂಬ ಸಮಾಸ ಇನ್ನೂ ಸ್ವಾರಸ್ಯಕರ. ಕಟ್ಟೆಯೆಂದರೆ ಊರಿನ ನಡುವೆ, ಅರಳಿಯ ಮರದಡಿ, ಜನ ಕುಳಿತು ಎಲ್ಲರೆದುರು ಮಾತನಾಡುವ ಜಾಗ. ಅಲ್ಲಿ ಗುಟ್ಟಿಲ್ಲ, ಯಾರು ಏನೆಂದರು ಎಂಬುದು ಊರಿಗೆಲ್ಲ ತಿಳಿಯುತ್ತದೆ. ಮತಗಟ್ಟೆಯಾದರೋ ಗುಟ್ಟಿನ ಜಾಗ. ಯಾರಿಗೆ ಮತ ಹಾಕಿದೆನೆಂದು ಹೇಳುವಂತೆ ನ್ಯಾಯಾಲಯದ ಸಾಕ್ಷಿಯನ್ನೂ ಒತ್ತಾಯಿಸುವಂತಿಲ್ಲ ಎಂದು 1951ರ ಕಾಯ್ದೆಯ 94ನೆಯ ಪ್ರಕರಣ ಹೇಳುತ್ತದೆ. ಮರೆಯಲ್ಲಿ ನಿಂತು ನಿರ್ಧರಿಸುವ ಸ್ವಾತಂತ್ರ್ಯ ಮತಗಟ್ಟೆಯದು, ಎಲ್ಲರೆದುರು ಕಾರಣ ಹೇಳುವ ಜವಾಬ್ದಾರಿ ಊರಕಟ್ಟೆಯದು. ಪ್ರಜಾಪ್ರಭುತ್ವಕ್ಕೆ ಎರಡೂ ಬೇಕು. ಹೊಸ ಮತದಾರರಿಗೆ ಮತಗಟ್ಟೆಯನ್ನು ತೋರಿಸುವ ಕೆಲಸ ನಡೆಯುತ್ತಿದೆ. ಕಟ್ಟೆಯನ್ನು ಮತ್ತೆ ಕಟ್ಟುವ ಕೆಲಸ ನಡೆಯಬೇಕಾಗಿದೆ.

5. ಒಲವು ರೂಪುಗೊಳ್ಳುವ ಬಗೆ

‘ಒಲವು’ ಅಚ್ಚಗನ್ನಡ ಪದ. ‘ಒಲ್’ ಎಂಬ ಧಾತುವಿನಿಂದ ಬಂದ ಇದಕ್ಕೆ ಪ್ರೀತಿ, ಮೆಚ್ಚುಗೆ, ವಾಲುವಿಕೆ ಎಂಬ ಅರ್ಥಗಳಿವೆ. ಅದೇ ಧಾತುವಿನ ನಿಷೇಧರೂಪ ‘ಒಲ್ಲೆ’. ತರುಣರ ರಾಜಕೀಯ ಒಲವು ಬಹಳ ಸಲ ‘ಒಲ್ಲೆ’ ಎಂಬಲ್ಲಿಂದ ಮೊದಲಾಗುತ್ತದೆ. ನೇಮಕಾತಿ ಪರೀಕ್ಷೆ ಮುಂದಕ್ಕೆ ಹೋದಾಗ, ವಿದ್ಯಾರ್ಥಿವೇತನ ಬಾರದಿದ್ದಾಗ, ಊರಿಗೆ ಸಂಜೆಯ ಬಸ್ಸು ನಿಂತಾಗ ಮೊದಲು ಹುಟ್ಟುವುದು ಯಾವ ಪಕ್ಷದ ಮೇಲಿನ ಪ್ರೀತಿಯೂ ಅಲ್ಲ, ‘ಇದನ್ನು ಒಲ್ಲೆ’ ಎಂಬ ಭಾವ. 2013ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಿಂದ ಮತಯಂತ್ರದಲ್ಲಿ ‘ನೋಟಾ’ ಗುಂಡಿ ಸೇರಿ, ಈ ‘ಒಲ್ಲೆ’ಗೆ ಅಧಿಕೃತ ಸ್ಥಾನ ದೊರೆಯಿತು. ಆದರೆ ‘ಒಲ್ಲೆ’ಯಿಂದ ‘ಒಲವಿ’ಗೆ, ಒಲವಿನಿಂದ ‘ನಿಲುವಿ’ಗೆ ದಾಟುವ ದಾರಿ ತನ್ನಷ್ಟಕ್ಕೆ ತೆರೆದುಕೊಳ್ಳುವುದಿಲ್ಲ. ಒಲವು ಭಾವಕ್ಕೆ ಸೇರಿದ್ದು. ನಿಲುವು ಕಾರಣಗಳ ಮೇಲೆ ನಿಲ್ಲುವಂಥದ್ದು.

ಈ ದಾರಿಯ ಮೊದಲ ತಾಣ ಮನೆ. 1960ರಲ್ಲಿ ಪ್ರಕಟವಾದ ‘ದಿ ಅಮೆರಿಕನ್ ವೋಟರ್’ ಎಂಬ ಪ್ರಸಿದ್ಧ ಅಧ್ಯಯನವು, ಅಲ್ಲಿಯ ಮತದಾರರ ಪಕ್ಷನಿಷ್ಠೆ ಬಹುಪಾಲು ಕುಟುಂಬದಿಂದ ಬಳುವಳಿಯಾಗಿ ಬರುತ್ತದೆಂದು ವಾದಿಸಿತು. ನಮ್ಮ ಸಂದರ್ಭದಲ್ಲಿ ಬಳುವಳಿ ಪಕ್ಷಕ್ಕಿಂತ ಹೆಚ್ಚಾಗಿ ಜಾತಿಯ ಮೂಲಕ, ಊರಿನ ಯಜಮಾನಿಕೆಯ ಮೂಲಕ ಸಾಗಿಬಂದಿದೆ. ಮೈಸೂರು ಸೀಮೆಯ ಹಳ್ಳಿಯೊಂದನ್ನು ಅಧ್ಯಯನ ಮಾಡಿದ ಎಂ.ಎನ್. ಶ್ರೀನಿವಾಸ್ ಅವರು 1955ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ‘ವೋಟ್ ಬ್ಯಾಂಕ್’ ಎಂಬ ನುಡಿಗಟ್ಟನ್ನು ಬಳಕೆಗೆ ತಂದರು. ಊರಿನ ಪ್ರಬಲರು ತಮ್ಮ ಆಶ್ರಿತರ ಮತಗಳನ್ನು ಒಟ್ಟಾಗಿ ಒದಗಿಸುವ ಬಗೆಯನ್ನು ಅದು ಸೂಚಿಸುತ್ತಿತ್ತು. ಇಂದು ಜಗತ್ತಿಗೆ ಪರಿಚಿತವಾಗಿರುವ ಈ ನುಡಿಗಟ್ಟಿನ ಹಿಂದೆ ಕನ್ನಡದ ಹಳ್ಳಿಯೊಂದರ ಅನುಭವ ಇದೆ ಎಂಬುದನ್ನು ನೆನೆಯಬೇಕು. 1970ರಲ್ಲಿ ರಜನಿ ಕೊಠಾರಿ ಅವರು ಸಂಪಾದಿಸಿದ ಭಾರತದ ರಾಜಕಾರಣದಲ್ಲಿ ಜಾತಿಯ ಕುರಿತ ಗ್ರಂಥವು ಇನ್ನೊಂದು ನೆಲೆಯನ್ನು ತೋರಿಸಿತು: ಜಾತಿ ರಾಜಕಾರಣವನ್ನು ನುಂಗುವುದಷ್ಟೇ ಅಲ್ಲ, ರಾಜಕಾರಣವೂ ಜಾತಿಯನ್ನು ಬದಲಿಸುತ್ತದೆ, ಸಂಘಟನೆಯ ಮೂಲಕ ದುರ್ಬಲರಿಗೆ ದನಿ ಕೊಡುತ್ತದೆ. ಹೀಗಾಗಿ ಒಬ್ಬ ದಲಿತ ವಿದ್ಯಾರ್ಥಿಯ ಅಥವಾ ಹಿಂದುಳಿದ ಸಮುದಾಯದ ವಿದ್ಯಾರ್ಥಿನಿಯ ಒಲವಿನಲ್ಲಿ ಸಮುದಾಯದ ನೆನಪು ಇರುವುದನ್ನು ಕುರುಡು ಜಾತೀಯತೆಯೆಂದು ತಳ್ಳಿಹಾಕಲಾಗದು. ಅನುಭವಿಸಿದ ಅಸಮಾನತೆಯೂ ಒಂದು ಸಕಾರಣ. ಅದು ಕಾರಣವಾಗಿ ಮಾತಿಗೆ ಬರುತ್ತಿದೆಯೇ ಅಥವಾ ಆಜ್ಞೆಯಾಗಿ ಕಿವಿಗೆ ಬೀಳುತ್ತಿದೆಯೇ ಎಂಬುದೇ ಪ್ರಶ್ನೆ.

ಎರಡನೆಯ ತಾಣ ಪೀಳಿಗೆ. ಹದಿಹರೆಯದ ಕೊನೆಯ ಮತ್ತು ತಾರುಣ್ಯದ ಮೊದಲ ವರ್ಷಗಳ ಅನುಭವಗಳು ಒಂದು ಪೀಳಿಗೆಯ ಲೋಕದೃಷ್ಟಿಗೆ ಅಚ್ಚು ಹಾಕುತ್ತವೆ ಎಂದು ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಒಂದೇ ಕಾಲದಲ್ಲಿ ಹುಟ್ಟಿದವರೆಲ್ಲ ಒಂದೇ ಬಗೆಯಲ್ಲಿ ಯೋಚಿಸುತ್ತಾರೆ ಎಂಬುದು ಅವರ ವಾದವಲ್ಲ. ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುವ ಗುಂಪುಗಳು ಒಂದೇ ಪೀಳಿಗೆಯೊಳಗೆ ಇರುತ್ತವೆ. ಬೂಸಾ ಪ್ರಕರಣದ ಎರಡೂ ಬಣಗಳ ವಿದ್ಯಾರ್ಥಿಗಳು ಇದಕ್ಕೆ ನಮ್ಮದೇ ನಿದರ್ಶನ. ಇನ್ನು ಮೊದಲ ಕೆಲವು ಚುನಾವಣೆಗಳಲ್ಲಿ ಮತ ಹಾಕಿದವರಿಗೆ ಅದು ರೂಢಿಯಾಗುತ್ತದೆ, ಹಾಕದವರಿಗೆ ಹಾಕದಿರುವುದೇ ರೂಢಿಯಾಗುತ್ತದೆ ಎಂಬುದು ಮತದಾನದ ಅಧ್ಯಯನಗಳು ಮುಂದಿಟ್ಟ ಇನ್ನೊಂದು ವಿಚಾರ. ಈ ದೃಷ್ಟಿಯಿಂದ ಹದಿನೆಂಟರಿಂದ ಇಪ್ಪತ್ತರವರೆಗಿನ ಅವಧಿಗೆ ಬೆಲೆ ಹೆಚ್ಚು. ಮತ್ತು ಆ ಅವಧಿ ನಮ್ಮ ತರಗತಿಗಳಲ್ಲಿಯೇ ಕಳೆಯುತ್ತದೆ.

ಮೂರನೆಯ ತಾಣ ಮೊಬೈಲು. ವಾಟ್ಸ್‌ಆಪ್ ಗುಂಪುಗಳು, ಕಿರುವಿಡಿಯೊಗಳು ಇಂದು ರಾಜಕೀಯ ಕನ್ನಡದ ಬಹುದೊಡ್ಡ ಉತ್ಪಾದನಾ ಕೇಂದ್ರಗಳು. ಅವುಗಳ ಭಾಷೆ ಚುರುಕಾದದ್ದು, ಅಣಕದಲ್ಲಿ ನುರಿತದ್ದು. ಪ್ರಾಸ, ಗಾದೆ, ಸಿನಿಮಾ ಸಂಭಾಷಣೆಗಳನ್ನು ಅದು ಬಳಸುವ ಬಗೆ ಭಾಷಾ ಸಂಶೋಧಕರ ಗಮನಕ್ಕೆ ಅರ್ಹ. ಆದರೆ ಅರ್ಧ ನಿಮಿಷದಲ್ಲಿ ಹೇಳಲಾಗದ ‘ಆದರೆ’, ‘ಆದಾಗ್ಯೂ’, ‘ಒಂದು ವೇಳೆ’ ಎಂಬ ಪದಗಳಿಗೆ ಅಲ್ಲಿ ಜಾಗ ಕಡಿಮೆ. ಒಲವನ್ನು ನಿಲುವಾಗಿಸುವುದು ಈ ಪದಗಳೇ.

6. ತರಗತಿ ಮತ್ತು ಪೂರ್ವಪಕ್ಷ

ಚುನಾವಣಾ ಆಯೋಗ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಆಯೋಗ ಸ್ಥಾಪನೆಯಾದ ಜನವರಿ 25ನ್ನು 2011ರಿಂದ ರಾಷ್ಟ್ರೀಯ ಮತದಾರರ ದಿನವಾಗಿ ಆಚರಿಸಲಾಗುತ್ತಿದೆ. 2018ರಿಂದ ಶಾಲಾ ಕಾಲೇಜುಗಳಲ್ಲಿ ಚುನಾವಣಾ ಸಾಕ್ಷರತಾ ಸಂಘಗಳನ್ನು ಸ್ಥಾಪಿಸಲಾಗಿದೆ. ಪ್ರತಿಜ್ಞಾವಿಧಿ, ಜಾಥಾ, ರಂಗೋಲಿ, ಪ್ರಬಂಧ ಸ್ಪರ್ಧೆಗಳು ನಡೆಯುತ್ತವೆ. ಇವುಗಳ ಹೊಣೆ ಅನೇಕ ಕಡೆ ಕನ್ನಡ ಅಧ್ಯಾಪಕರ ಹೆಗಲಿಗೇ ಬೀಳುತ್ತದೆ. ಈ ಕಾರ್ಯಕ್ರಮಗಳ ಭಾಷೆ ಕರ್ತವ್ಯದ್ದು: ‘ತಪ್ಪದೆ ಮತ ಚಲಾಯಿಸಿ’. ಯಾರಿಗೆ, ಏಕೆ ಎಂಬ ಪ್ರಶ್ನೆಯನ್ನು ಆಯೋಗ ಮುಟ್ಟುವಂತಿಲ್ಲ, ಮುಟ್ಟಲೂ ಬಾರದು. ಪಕ್ಷಗಳು ‘ಯಾರಿಗೆ’ ಎಂಬುದನ್ನು ಮಾತ್ರ ಹೇಳುತ್ತವೆ. ‘ಏಕೆ’ ಎಂದು ಕೇಳಿಕೊಳ್ಳುವುದನ್ನು ಕಲಿಸುವ ಸ್ಥಳ ಯಾವುದು?

ಇಲ್ಲಿ ಅಧ್ಯಾಪಕರ ಅಳುಕು ಅರ್ಥವಾಗುವಂಥದ್ದು. ಸರ್ಕಾರಿ ನೌಕರರ ನಡತೆ ನಿಯಮಗಳು ಪಕ್ಷ ರಾಜಕಾರಣದಲ್ಲಿ ಪಾಲ್ಗೊಳ್ಳುವುದನ್ನು ನಿಷೇಧಿಸುತ್ತವೆ. ಅಧ್ಯಾಪಕರು ಚುನಾವಣೆಯ ದಿನ ಮತಗಟ್ಟೆ ಅಧಿಕಾರಿಗಳಾಗಿಯೂ ಕುಳಿತುಕೊಳ್ಳಬೇಕು. ಅಂಕ ಕೊಡುವ ಕೈ ಒಲವನ್ನೂ ಕೊಡತೊಡಗಿದರೆ ಅದು ಊರಿನ ಯಜಮಾನಿಕೆಯ ಇನ್ನೊಂದು ರೂಪವಾದೀತು. ಹಾಗೆಂದು ಮೌನವೂ ನಿಷ್ಪಕ್ಷಪಾತವಲ್ಲ. ತರಗತಿ ಮೌನವಾದಾಗ ವಿದ್ಯಾರ್ಥಿಗೆ ಉಳಿಯುವುದು ಮನೆಯ ಆಜ್ಞೆ ಮತ್ತು ಮೊಬೈಲಿನ ಅಣಕ ಮಾತ್ರ.

ಈ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ನಮ್ಮ ಪದಗಳೇ ತೋರಿಸುತ್ತವೆ. ‘ಮತ’ದಂತೆ ‘ಪಕ್ಷ’ವೂ ವಾದಪರಂಪರೆಯಿಂದ ಬಂದ ಪದ. ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತವನ್ನು ಮಂಡಿಸುವ ಮೊದಲು ಎದುರಾಳಿಯ ವಾದವನ್ನು ‘ಪೂರ್ವಪಕ್ಷ’ವಾಗಿ ಮಂ���ಿಸುವುದು ಕ್ರಮ. ಅದನ್ನು ದುರ್ಬಲಗೊಳಿಸಿ ಹೇಳಿದರೆ ಸಿದ್ಧಾಂತವೂ ದುರ್ಬಲವಾಗುತ್ತದೆ. ಭಾಷಾ ತರಗತಿಯಲ್ಲಿ ಪ್ರಬಂಧ ಬರವಣಿಗೆಗೂ ಚರ್ಚೆಗೂ ಈ ಕ್ರಮವನ್ನು ಅಳವಡಿಸಬಹುದು. ಕಲಿಕೆಯ ಮಾಧ್ಯಮ, ಮೀಸಲಾತಿ, ನದಿನೀರಿನ ಹಂಚಿಕೆ, ಕೃಷಿಭೂಮಿಯ ಸ್ವಾಧೀನ ಇತ್ಯಾದಿ ಯಾವುದಾದರೂ ಸಾರ್ವಜನಿಕ ಪ್ರಶ್ನೆಯ ಮೇಲೆ ಬರೆಯುವಾಗ, ವಿದ್ಯಾರ್ಥಿ ಮೊದಲು ತಾನು ಒಪ್ಪದ ವಾದವನ್ನು ಅದರ ಪ್ರತಿಪಾದಕರು ‘ಸರಿಯಾಗಿ ಹೇಳಿದ್ದಾನೆ’ ಎನ್ನುವಂತೆ ಒಂದು ಪುಟ ಬರೆಯಬೇಕು. ಆನಂತರವೇ ತನ್ನ ನಿಲುವು ಮತ್ತು ಕಾರಣಗಳು. ಮೌಲ್ಯಮಾಪನದ ಅಂಕ ನಿಲುವಿಗಲ್ಲ, ಪೂರ್ವಪಕ್ಷದ ಪ್ರಾಮಾಣಿಕತೆಗೆ ಮತ್ತು ಕಾರಣಗಳ ಸ್ಪಷ್ಟತೆಗೆ. ಅಧ್ಯಾಪಕರ ಸ್ವಂತ ಒಲವು ಏನೇ ಇದ್ದರೂ ಈ ಅಭ್ಯಾಸ ಅದನ್ನು ಅವಲಂಬಿಸುವುದಿಲ್ಲ. ಪಕ್ಷದ ಹೆಸರೆತ್ತದೆಯೂ ರಾಜಕೀಯ ವಿವೇಕವನ್ನು ಬೆಳೆಸುವ ಮಾರ್ಗ ಇದು.

ಇದರೊಡನೆ ಇನ್ನೊಂದು ಸಣ್ಣ ಕೆಲಸವನ್ನೂ ಭಾಷಾ ಅಧ್ಯಾಪಕರು ಮಾಡಬಹುದು. ವ್ಯಾವಹಾರಿಕ ಕನ್ನಡದ ಪಾಠದಲ್ಲಿ ಅರ್ಜಿ ಬರೆಯುವುದನ್ನು ಕಲಿಸುವಾಗ ಕಾಲ್ಪನಿಕ ರಜಾ ಅರ್ಜಿಗೆ ಬದಲಾಗಿ ‘ನಮೂನೆ 6’ನ್ನೇ ಮುಂದಿಟ್ಟುಕೊಂಡು, ‘ಸಾಮಾನ್ಯ ನಿವಾಸಿ’, ‘ಅರ್ಹತಾ ದಿನಾಂಕ’, ‘ಘೋಷಣೆ’ ಎಂಬ ಪದಗಳನ್ನು ಬಿಡಿಸಿ ಹೇಳಿದರೆ ಪಾಠವೂ ಆಗುತ್ತದೆ, ನೋಂದಣಿಯೂ ಆಗುತ್ತದೆ. ಆದರೆ ಅರ್ಜಿಯನ್ನು ವಿದ್ಯಾರ್ಥಿಯೇ ತನ್ನ ಕೈಯಾರೆ ತುಂಬಬೇಕು. ಗುರಿ ತಲುಪುವ ಅವಸರದಲ್ಲಿ ಕಾಲೇಜಿನವರೇ ಒಟ್ಟಾಗಿ ತುಂಬಿ ಕಳುಹಿಸಿದಾಗ ಪಟ್ಟಿ ಬೆಳೆಯುತ್ತದೆ, ಮತದಾರ ಬೆಳೆಯುವುದಿಲ್ಲ.

7. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಹೆಸರು ನೋಂದಾಯಿಸುವುದು ತಾನು ಯಾರು, ಎಲ್ಲಿಯವನು ಎಂಬುದನ್ನು ಪ್ರಭುತ್ವದ ಭಾಷೆಯಲ್ಲಿ ಮೊದಲ ಬಾರಿಗೆ ಹೇಳಿಕೊಳ್ಳುವ ಕ್ರಿಯೆ. ಆ ಭಾಷೆಯನ್ನು ತಿಳಿಯಾಗಿಸುವುದು ಭಾಷಾ ಶಿಕ್ಷಣದ ವ್ಯಾಪ್ತಿಗೆ ಸೇರಿದ್ದು. ಎರಡು, ಕರ್ನಾಟಕದಲ್ಲಿ ಮತದ ವಯಸ್ಸು ಇಳಿದ ಕಾಲಕ್ಕೇ ನಿಲುವನ್ನು ರೂಪಿಸಿಕೊಳ್ಳುವ ಸಾರ್ವಜನಿಕ ಅಂಗಳಗಳು ಕಿರಿದಾದವು. ಇಂದಿನ ತರುಣರನ್ನು ದೂರುವ ಮುನ್ನ ಈ ಚರಿತ್ರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೂರು, ‘ಮತ’ ಎಂಬ ಪದದಲ್ಲಿ ಹುಟ್ಟಿನಿಂದ ಬಂದದ್ದೂ ಬಗೆದು ಪಡೆದದ್ದೂ ಒಟ್ಟಿಗೆ ನೆಲೆಸಿವೆ. ಎರಡನೆಯ ಅರ್ಥ ಕ್ಷೀಣಿಸಿದಂತೆಲ್ಲ ಮೊದಲನೆಯದು ಓಟನ್ನು ಆಕ್ರಮಿಸಿಕೊಳ್ಳುತ್ತದೆ.

ಪದವೊಂದರ ಮೂಲಾರ್ಥವನ್ನು ನಿಘಂಟಿನಲ್ಲಿ ಕಾಪಾಡುವುದು ವಿದ್ವಾಂಸರ ಕೆಲಸ. ಅದನ್ನು ಬಳಕೆಯಲ್ಲಿ ಉಳಿಸುವುದು ಮಾತನಾಡುವವರ ಕೆಲಸ. ಮುಂದಿನ ಅರ್ಹತಾ ದಿನಾಂಕದೊಳಗೆ ನಮ್ಮ ತರಗತಿಗಳ ಇನ್ನಷ್ಟು ಮಂದಿಗೆ ಹದಿನೆಂಟು ತುಂಬುತ್ತದೆ. ಪಟ್ಟಿಗೆ ಅವರ ಹೆಸರು ಸೇರುವಂತೆ ನೋಡಿಕೊಳ್ಳಲು ಅಧಿಕಾರಿಗಳಿದ್ದಾರೆ. ಅವರ ಮತ ಅವರೇ ಬಗೆದದ್ದಾಗಿರುವಂತೆ ಅವರ ಕೈಗೆ ಭಾಷೆಯನ್ನು ಕೊಡಬೇಕಾದವರು ನಾವು.